ಕಪಾಲ ಪ್ರದಕ್ಷಿಣೆ ಮಾಡಿದ ಕರಿಂತಿ

ಮುಳಬಾಗಿಲಿನಲ್ಲಿ ಡಿ.ವಿ. ಗುಂಡಪ್ಪನವರು ಹುಟ್ಟಿದ 1887ರಲ್ಲಿಯೇ ದೂರದ ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ ಇನ್ನೊಬ್ಬ ಸಾಹಿತಿಯ ಜನನವಾಯಿತು. ಆತನೇ ಫ್ರಿದ್ಯೆಶ್ ಕರಿಂತಿ. ಗುಂಡಪ್ಪನವರಂತೆ ಆತನೂ ಪತ್ರಿಕೆಗಳನ್ನು ನಂಬಿ ಬಾಳಿದವನು. ಆದರೆ ಮನೋಧರ್ಮದಲ್ಲಿ ವಿನೋದಶೀಲ. ತನ್ನ ಕಾಲದ ಕವಿ ಕಥೆಗಾರರ ಶೈಲಿಯನ್ನು ಅಣಕಿಸಿ ಆತನು 1912ರಲ್ಲಿ ಪ್ರಕಟಿಸಿದ ಸಂಕಲನವು ಆತನ ಹೆಸರನ್ನು ಮನೆಮಾತಾಗಿಸಿತು.

1936ರ ಮಾರ್ಚಿಯ ಒಂದು ಸಂಜೆ ಕಾಫಿಗೃಹದಲ್ಲಿ ಕುಳಿತಿದ್ದ ಕರಿಂತಿಗೆ ರೈಲುಗಾಡಿಗಳ ಆರ್ಭಟ ಕೇಳಿಸಿತು. ಅಲ್ಲಿ ರೈಲಿರಲಿಲ್ಲ; ಬೇರೆ ಯಾರಿಗೂ ಆ ಸದ್ದು ಕೇಳಿಸಲಿಲ್ಲ. ಬಳಿಕ ತಲೆನೋವು, ವಾಂತಿ, ತಲೆಸುತ್ತು ಒಂದೊಂದಾಗಿ ಬಂದವು, ಕಣ್ಣು ಮಂಜಾಯಿತು. ಮೊದಮೊದಲು ಆತನು ಇವನ್ನೆಲ್ಲ ಹಾಸ್ಯದ ಸರಕಾಗಿಯೇ ಕಂಡನು. ಆದರೆ ವೈದ್ಯೆಯಾಗಿದ್ದ ಮಡದಿ ಅರಂಕಾಳನ್ನು ಕಾಣಲು ವಿಯೆನ್ನಾಕ್ಕೆ ಹೋದಾಗ, ಅಲ್ಲಿನ ಆಸ್ಪತ್ರೆಯಲ್ಲಿ ಮಿದುಳುಗಡ್ಡೆಯ ರೋಗಿಯೊಬ್ಬನ ಮುಖವನ್ನು ನೋಡಿ, ತನ್ನ ರೋಗವೂ ಇದೇ ಎಂದು ತಾನೇ ನಿಶ್ಚಯಿಸಿಕೊಂಡನು. ವೈದ್ಯರ ಪರೀಕ್ಷೆಯೂ ಅದನ್ನೇ ಸ್ಥಿರಪಡಿಸಿತು.

ಮಾರಕವಲ್ಲದ ಗಡ್ಡೆ ಎಂಬ ಮಾತು ಕೇಳುವವರಿಗೆ ಸಮಾಧಾನ ತರುವುದು ಸಹಜ. ಆದರೆ ತಲೆಬುರುಡೆ ಹಿಗ್ಗದ ಪೆಟ್ಟಿಗೆ. ದೇಹದ ಬೇರೆಡೆಗೆ ಹರಡದ ಗಡ್ಡೆಯೂ ಅದರೊಳಗೆ ಬೆಳೆದರೆ ಮಿದುಳಿಗೆ ಎಡೆಯಿಲ್ಲದಾಗುತ್ತದೆ. ಒತ್ತಡವೇರಿ ಕಣ್ಣಿನ ನರ ಬಾಯುತ್ತದೆ. ತಡಮಾಡಿದರೆ ದೃಷ್ಟಿ, ಕಡೆಗೆ ಪ್ರಾಣ, ಎರಡೂ ಹೋಗುತ್ತವೆ. ಕಿರುಮಿದುಳಿನಲ್ಲಿದ್ದ ಕರಿಂತಿಯ ಗಡ್ಡೆ ಇಂಥದು. ಮಿದುಳನ್ನು ಚಿತ್ರವಾಗಿ ತೋರುವ ಸಿ.ಟಿ. ಯಂತ್ರವು ರೋಗಿಯ ಮೇಲೆ ಮೊದಲು ಪ್ರಯೋಗವಾದುದೇ 1971ರಲ್ಲಿ. ಅಂದು ರೋಗಲಕ್ಷಣಗಳಿಂದಲೂ ಕ್ಷ-ಕಿರಣದಿಂದಲೂ ಗಡ್ಡೆಯ ಎಡೆಯನ್ನು ಊಹಿಸಬೇಕಿತ್ತು.

ಚಿಕಿತ್ಸೆಗಾಗಿ ಆತನು ಸ್ವೀಡನ್ನಿನ ಸ್ಟಾಕ್‌ಹೋಮಿಗೆ ರೈಲಿನಲ್ಲಿ ಹೊರಟನು. ಸಿದ್ಧತೆಯೆಂದರೆ ತಲೆ ಬೋಳಿಸುವುದಷ್ಟೇ ಅಲ್ಲ. ಕುರುಡುತನ, ಮರಣ ಇವೆರಡನ್ನೂ ಎದುರಿಟ್ಟುಕೊಂಡು, ಭಯಕ್ಕೆ ಮುಖ ತಿರುವದೆ, ತನ್ನನ್ನೇ ಇನ್ನೊಬ್ಬನಂತೆ ನೋಡುವ ಅಭ್ಯಾಸವನ್ನು ಕರಿಂತಿ ಮಾಡಿಕೊಂಡನು. ಜೀವಮಾನವೆಲ್ಲ ಪರರನ್ನು ಪರೀಕ್ಷಿಸಿದ ವಿನೋದದೃಷ್ಟಿಯೇ ಈಗ ಆತನಿಗೆ ಊರುಗೋಲಾಯಿತು.

ಮೇ ತಿಂಗಳಲ್ಲಿ ಹೆರ್ಬರ್ಟ್ ಒಲಿವೆಕ್ರೋನ ಎಂಬ ಪ್ರಸಿದ್ಧ ಶಸ್ತ್ರವೈದ್ಯನು ಆತನ ತಲೆಯನ್ನು ತೆರೆದನು. ಚರ್ಮಕ್ಕೆ ಮಾತ್ರ ಮರವಿನ ಮದ್ದು. ಮಿದುಳಿಗೆ ತನ್ನದೇ ನೋವು ತಿಳಿಯದು. ಮುಖ ಕೆಳಗಾಗಿ ಮಲಗಿದ್ದ ಕರಿಂತಿ ಎಚ್ಚರವಾಗಿದ್ದು, ಬುರುಡೆ ಕೊರೆಯುವ ಸದ್ದನ್ನು ಕೇಳಿದನು. ಗಡ್ಡೆ ಹೋಯಿತು, ದೃಷ್ಟಿ ಉಳಿಯಿತು. ಮರುವರ್ಷವೇ ಆ ಅನುಭವವು ತನ್ನ ಕಪಾಲವನ್ನು ಸುತ್ತಿ ಬಂದ ಯಾತ್ರೆಯೆಂಬ ಗ್ರಂಥವಾಗಿ ಹೊರಬಂದಿತು. ಆದರೆ ಗೆದ್ದ ಆಯುಸ್ಸು ದೀರ್ಘವಾಗಲಿಲ್ಲ: 1938ರ ಆಗಸ್ಟಿನಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ, ಮಿದುಳಿನ ಆಘಾತದಿಂದ ಆತನು ತೀರಿಕೊಂಡನು.

ಭಾರತದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗವನ್ನು ಡಾ. ಜೇಕಬ್ ಚಾಂಡಿಯವರು ವೆಲ್ಲೂರಿನಲ್ಲಿ ತೆರೆದುದು 1949ರಲ್ಲಿ. ಕೋಲಾರದಿಂದ ಮುಳಬಾಗಿಲು, ಚಿತ್ತೂರುಗಳ ಮೇಲೆ ಹೋದರೆ ವೆಲ್ಲೂರು ಒಂದು ಹೊತ್ತಿನ ದಾರಿ. ಇಂದು ಬೆಂಗಳೂರು ಇನ್ನೂ ಹತ್ತಿರ. ಶ್ರೀನಿವಾಸಪುರ, ಮಾಲೂರುಗಳ ರೋಗಿ ಪರದೇಶಕ್ಕೆ ಹೋಗಬೇಕಾಗಿಲ್ಲ. ಆದರೆ ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿಯನ್ನು ಅವನೂ ಒಬ್ಬನೇ ಕಳೆಯಬೇಕು. ಆ ರಾತ್ರಿಗೆ ಕರಿಂತಿಯ ಬಾಳು ಒಳ್ಳೆಯ ಸಂಗಾತಿ.