ಮಿರಜ ದವಾಖಾನೆಯ ವಾನ್ಲೆಸ್ ಸಾಹೇಬರು

ಯಾರಿಗಾದರೂ ದೊಡ್ಡ ಬೇನೆ ಬಂತೆಂದರೆ ನಮ್ಮ ಹಿರಿಯರು ಮೊದಲು ಹೇಳುವ ಊರು ಮಿರಜ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಲ್ಲ ಕಡೆ ಇದೇ ಮಾತು. ನಮ್ಮ ಮನೆಗಳಲ್ಲಿ ಮಿರಜ ಎಂದರೆ ಎರಡೇ ನೆನಪು: ಮೀರಾಸಾಹೇಬರ ದರ್ಗಾ, ಮಿಷನ್ ದವಾಖಾನೆ. ದರ್ಗಾದ ವಿಷಯ ಎಲ್ಲರಿಗೂ ಗೊತ್ತು. ದವಾಖಾನೆ ಕಟ್ಟಿದವರ ಹೆಸರು ನಮ್ಮ ಕ್ಲಾಸಿನಲ್ಲಿ ಕೇಳಿದರೆ ಒಬ್ಬರೂ ಹೇಳಲಿಲ್ಲ. ಅದಕ್ಕೇ ಈ ಬರಹ.

ವಿಲಿಯಂ ಜೇಮ್ಸ್ ವಾನ್ಲೆಸ್ ಹುಟ್ಟಿದ್ದು 1865ರಲ್ಲಿ, ಕೆನಡಾದಲ್ಲಿ. ನ್ಯೂಯಾರ್ಕಿನಲ್ಲಿ ಡಾಕ್ಟರಿಕೆ ಓದಿ, 1889ರಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ ಪರವಾಗಿ ಭಾರತಕ್ಕೆ ಬಂದರು. ಆಗ ಅವರಿಗೆ ಇಪ್ಪತ್ನಾಲ್ಕು ವರ್ಷ. ಮೊದಲು ಕೆಲಸ ಮಾಡಿದ್ದು ಸಾಂಗ್ಲಿಯಲ್ಲಿ. ಆಗ ಸಾಂಗ್ಲಿಗೆ ರೈಲು ಇರಲಿಲ್ಲ, ಮಿರಜಕ್ಕೆ ಇತ್ತು. ಪುಣೆಯಿಂದ ಬೆಳಗಾವಿ ಕಡೆಗೆ ಹೋಗುವ ಸದರ್ನ್ ಮರಾಠಾ ರೈಲ್ವೆ ಮಿರಜದ ಮೇಲೆ ಹಾದುಹೋಗುತ್ತಿತ್ತು. 1891ರಲ್ಲಿ ಕೊಲ್ಹಾಪುರದ ಹಳಿಯೂ ಅಲ್ಲಿಗೆ ಸೇರಿ ಮಿರಜ ಜಂಕ್ಷನ್ ಆಯಿತು. ವಾನ್ಲೆಸ್ ಅವರು ಮಿರಜಕ್ಕೆ ಬಂದು ನೆಲೆಸಿದರು. 1894ರಲ್ಲಿ ದವಾಖಾನೆ ತೆರೆಯಿತು.

ನಾವು ಕಾಮರ್ಸ್‌ನವರು, ಗಿರಾಕಿ ಬರುವ ದಾರಿ ನೋಡಿ ಅಂಗಡಿ ಹಾಕಬೇಕೆಂದು ಓದುತ್ತೇವೆ. ಇಲ್ಲಿ ಗಿರಾಕಿ ಎಂದರೆ ಕಣ್ಣು ಕಾಣದವರು, ಗಡ್ಡೆ ಬೆಳೆದವರು, ಹೆರಿಗೆ ಕಷ್ಟವಾದವರು. ಇನ್ನೊಂದು ಸಂಗತಿ ನನಗೆ ಬಹಳ ಇಷ್ಟವಾಯಿತು. ಕಟ್ಟಡಕ್ಕೆ ಹಣ ಕೊಟ್ಟವರು ಫಿಲಡೆಲ್ಫಿಯಾದ ಜಾನ್ ಕಾನ್ವರ್ಸ್. ಅವರು ರೈಲು ಇಂಜಿನ್ ತಯಾರಿಸುವ ಬಾಲ್ಡ್ವಿನ್ ಕಾರ್ಖಾನೆಯ ಪಾಲುದಾರರು.

ನಮ್ಮ ಭಾಗದವರಿಗೆ ಹತ್ತಿರದ ಸ್ಟೇಷನ್ ಕುಡಚಿ. ನಮ್ಮ ನಾನಿಯ ದಾದಿಗೆ ಕಣ್ಣಲ್ಲಿ ಪೊರೆ ಬಂದಾಗ, ಬಂಡಿಗೆ ಚಾದರದ ಪರದೆ ಕಟ್ಟಿ, ರಬಕವಿ, ತೇರದಾಳ ದಾಟಿ ಕುಡಚಿಗೆ ಒಯ್ದಿದ್ದರಂತೆ. ಬಂಡಿ ಯಾವಾಗ ಮುಟ್ಟುತ್ತದೆ ಎಂದು ಹೇಳಲು ಬರುತ್ತಿರಲಿಲ್ಲ. ಕರಿ ಮಣ್ಣಿನ ದಾರಿ, ಮಳೆ ಬಂದರೆ ಗಾಲಿ ಹೂತು ಅಲ್ಲೇ ನಿಲ್ಲುವುದು. ರೈಲು ಹತ್ತಿದ ಮೇಲೆ ಚಿಂತೆ ಇಲ್ಲ. ಕೃಷ್ಣಾ ಹೊಳೆಗೆ ಸೇತುವೆ ಇತ್ತು, ಆಚೆಗೆ ಉಗಾರ, ಶೇಡಬಾಳ, ಆಮೇಲೆ ಮಿರಜ. ದಾದಿಗೆ ದೃಷ್ಟಿ ಬಂತು. ಮುಂದೆ ಮೊಮ್ಮಕ್ಕಳ ತಲೆಯ ಹೇನು ತಾವೇ ನೋಡಿ ತೆಗೆಯುತ್ತಿದ್ದರು ಎಂದು ನಾನಿ ಹೇಳುತ್ತಾರೆ.

ವಾನ್ಲೆಸ್ ಅವರು ರೋಗಿಗಳು ಬರಲಿ ಎಂದು ಕಾಯುತ್ತ ಕೂರಲಿಲ್ಲ. 1897ರಲ್ಲಿ ವೈದ್ಯಕೀಯ ಶಾಲೆ ತೆರೆದು ಇಲ್ಲಿನ ಹುಡುಗರಿಗೇ ಕಲಿಸಿದರು. ಕಲಿತವರು ಬೇರೆ ಊರುಗಳಿಗೆ ಹೋದರೆ ಅಷ್ಟು ಜನರ ಪ್ರಯಾಣ ಉಳಿಯುತ್ತದಲ್ಲ. ಕುಷ್ಠರೋಗಿಗಳಿಗೆ, ಕ್ಷಯರೋಗಿಗಳಿಗೆ ಬೇರೆ ಬೇರೆ ಆಸ್ಪತ್ರೆಗಳಾದವು. ಸುಮಾರು ನಲವತ್ತು ವರ್ಷ ಅವರು ಇಲ್ಲೇ ದುಡಿದರು. 1928ರಲ್ಲಿ ಸರ್ ಪದವಿ ಬಂತು. ಅದೇ ಹೊತ್ತಿಗೆ ನಿವೃತ್ತರಾಗಿ ಅಮೆರಿಕಕ್ಕೆ ಹೋದರು, 1933ರಲ್ಲಿ ತೀರಿಕೊಂಡರು. ಸಾಂಗ್ಲಿ-ಮಿರಜ ನಡುವೆ ವಾನ್ಲೆಸ್‌ವಾಡಿ ಎಂಬ ಊರೇ ಇದೆ.

ಹೋದ ಮಳೆಗಾಲ ನಮ್ಮ ಮಾಮೂಗೆ ರಾತ್ರಿ ಎದೆನೋವು ಬಂದು ಬಾಡಿಗೆ ಕಾರಿನಲ್ಲಿ ಒಯ್ದೆವು. ದವಾಖಾನೆಯ ಮೊದಲ ದಿನದ ಬಿಲ್ಲಿಗಿಂತ ಕಾರಿನ ಬಾಡಿಗೆಯೇ ಹೆಚ್ಚಾಗಿತ್ತು. 142 ಕಿ.ಮೀ. ಉದ್ದದ ಬಾಗಲಕೋಟೆ-ಕುಡಚಿ ರೈಲು ಮಾರ್ಗ 2010-11ರ ಬಜೆಟ್ಟಿನಲ್ಲಿ ಮಂಜೂರಾದಾಗ ನಾನು ಇನ್ನೂ ಅಂಗನವಾಡಿಗೂ ಹೋಗುತ್ತಿರಲಿಲ್ಲ. ಈಗ ಪಿಯುಸಿ. ಜಮಖಂಡಿಯಿಂದ ರೈಲು ಹತ್ತಬೇಕೆಂದರೆ ಇವತ್ತಿಗೂ ಕುಡಚಿಗೇ ಹೋಗಬೇಕು.