ಬೀಜಗಳನ್ನು ಕೂಡಿಸಿಟ್ಟವನು: ನಿಕೊಲಾಯ್ ವಾವಿಲೋವನ ಚರಿತ್ರೆ

ಹೊಲದಲ್ಲಿ ದುಡಿದು ಉಣ್ಣುವವರಿಗೆ ಬೀಜದ ಬೆಲೆಯನ್ನು ಯಾರೂ ಕಲಿಸಬೇಕಾದದ್ದಿಲ್ಲ. ಮಳೆ ಕೆಟ್ಟ ವರುಷದಲ್ಲಿಯೂ ಬಿತ್ತನೆಯ ಕಾಳನ್ನು ಮುಟ್ಟದೆ ಅರೆಹೊಟ್ಟೆಯಲ್ಲಿ ದಿನ ಕಳೆದ ತಾಯಂದಿರು ನಮ್ಮ ಸಭೆಗಳಲ್ಲಿ ಬಹುಮಂದಿ ಇದ್ದಾರೆ. ಆದದರಿಂದ ಲೋಕದ ನಾನಾ ದೇಶಗಳ ಬೀಜಗಳನ್ನು ಕೂಡಿಸಿಟ್ಟು, ಕಡೆಗೆ ತಾನೇ ಹಸಿವಿನಿಂದ ಸತ್ತ ಒಬ್ಬ ವಿದ್ವಾಂಸನ ಚರಿತ್ರೆಯನ್ನು ಈ ತಿಂಗಳಲ್ಲಿ ಪ್ರಿಯ ವಾಚಕರ ಮುಂದೆ ಇಡುತ್ತೇವೆ. ಈತನ ಹೆಸರು ನಿಕೊಲಾಯ್ ಇವಾನೊವಿಚ್ ವಾವಿಲೋವ್.

ಈತನು 1887ನೆಯ ಇಸವಿ ನವೆಂಬರ್ 25ರಲ್ಲಿ ರುಷ್ಯ ದೇಶದ ಮಾಸ್ಕೋ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ಒಕ್ಕಲಿಗರ ಮನೆಯಲ್ಲಿ ಹುಟ್ಟಿ, ಬಟ್ಟೆಯ ವ್ಯಾಪಾರದಿಂದ ಏಳಿಗೆಗೆ ಬಂದವನು. ವಾವಿಲೋವನು ಇನ್ನೂ ಚಿಕ್ಕವನಾಗಿದ್ದಾಗ, 1891 ಮತ್ತು 1892ನೆಯ ಇಸವಿಗಳಲ್ಲಿ, ವೋಲ್ಗಾ ನದಿಯ ಸೀಮೆಯಲ್ಲಿ ಮಳೆಯಿಲ್ಲದೆ ಘೋರವಾದ ಕ್ಷಾಮವುಂಟಾಗಿ ಲಕ್ಷಾಂತರ ಜನರು ಸತ್ತರು. ಆ ದೇಶದಲ್ಲಿ ಚಳಿಗಾಲವು ದೀರ್ಘ, ಬೇಸಗೆಯು ಅಲ್ಪ. ಬೆಳೆಯು ಬೇಗನೆ ಮಾಗದಿದ್ದರೆ ಹಿಮವು ಅದನ್ನು ಸುಡುವದು, ಮಳೆ ತಪ್ಪಿದರೆ ಬಿಸಿಗಾಳಿಯು ಒಣಗಿಸುವದು. ಇಂಥ ನಾಡಿನಲ್ಲಿ ಜನರ ಹಸಿವನ್ನು ಹೇಗೆ ನೀಗಿಸಬೇಕೆಂಬ ಚಿಂತೆಯೇ ವಾವಿಲೋವನ ಜೀವಮಾನದ ಕೆಲಸವಾಯಿತು. ಆತನು ಮಾಸ್ಕೋವಿನ ವ್ಯವಸಾಯ ವಿದ್ಯಾಲಯದಲ್ಲಿ ಕಲಿತು, 1913ರಲ್ಲಿ ಇಂಗ್ಲೆಂಡಿಗೆ ಹೋಗಿ, ತಾಯಿ ತಂದೆಗಳ ಗುಣಗಳು ಸಂತತಿಗೆ ಇಳಿದುಬರುವ ಕ್ರಮವನ್ನು ಬೇಟ್‌ಸನ್ ಎಂಬ ಪಂಡಿತನ ಬಳಿಯಲ್ಲಿ ಅಭ್ಯಾಸಮಾಡಿದನು.

1916ರಲ್ಲಿ ಪಾರಸಿಯ ದೇಶದಲ್ಲಿದ್ದ ರುಷ್ಯದ ಸಿಪಾಯಿಗಳು ಅಲ್ಲಿಯ ರೊಟ್ಟಿಯನ್ನು ತಿಂದು ತಲೆತಿರುಗಿ ಬೀಳುತ್ತಿದ್ದರು. ಕಾರಣವನ್ನು ಹುಡುಕುವದಕ್ಕೆ ವಾವಿಲೋವನನ್ನು ಕಳುಹಿಸಿದರು. ಆತನು ಪರೀಕ್ಷಿಸಿ, ಗೋದಿಯಲ್ಲಿ ಒಂದು ಕಳೆಯ ವಿಷಬೀಜವು ಬೆರೆತಿದೆಯೆಂದು ಕಂಡುಹಿಡಿದನು. ಅದು ಎಳೆಯದಾಗಿರುವಾಗ ಗೋದಿಯ ಪೈರಿನಂತೆಯೇ ತೋರುವದು. ನಮ್ಮ ಕರ್ತನು ಸಾಮ್ಯದಲ್ಲಿ ಹೇಳಿದ ಹಣಜಿಯು ಇದೇ ಎಂದು ಬಲ್ಲವರು ಅನೇಕರು ಎಣಿಸುತ್ತಾರೆ.

ಅಲ್ಲಿಂದ ಆತನು ಪಾಮೀರ್ ಎಂಬ ಮಹಾ ಪರ್ವತಗಳ ಸೀಮೆಗೆ ಹೋದನು. ಆ ಪ್ರಯಾಣಗಳಲ್ಲಿ ಒಂದು ಆಶ್ಚರ್ಯವನ್ನು ಕಂಡನು. ತಗ್ಗಿನಲ್ಲಿ ಗೋದಿಯ ಹೊಲಗಳೊಳಗೆ ರೈ ಎಂಬ ಧಾನ್ಯವು ಬೇಡದ ಕಳೆಯಾಗಿ ಬೆಳೆಯುತ್ತಿತ್ತು. ಬೆಟ್ಟವನ್ನು ಹತ್ತಿದಷ್ಟೂ ಚಳಿ ಹೆಚ್ಚಿ ಗೋದಿಯು ಕುಗ್ಗಿತು, ರೈ ಹೆಚ್ಚಿತು. ಕಡೆಗೆ ಎತ್ತರದಲ್ಲಿ ಗೋದಿಯು ಇಲ್ಲವಾಗಿ, ಜನರು ಆ ಕಳೆಯನ್ನೇ ಬಿತ್ತಿ ಅದರಿಂದಲೇ ರೊಟ್ಟಿ ಮಾಡಿಕೊಳ್ಳುತ್ತಿದ್ದರು. ಹವೆಯು ಬದಲಾದಾಗ, ಕೆಳಗೆ ತಿರಸ್ಕಾರಕ್ಕೆ ಗುರಿಯಾದ ಗಿಡವೇ ಮೇಲೆ ಪ್ರಾಣಾಧಾರವಾಯಿತೆಂದು ವಾವಿಲೋವನು ಗ್ರಹಿಸಿದನು. ಆ ಮೇಲೆ ಯಾವ ಹಳ್ಳಿಯ ಯಾವ ತಳಿಯನ್ನೂ ಆತನು ಹೀನವೆಂದು ಎಣಿಸಲಿಲ್ಲ.

ಇದರಿಂದ ಆತನ ಮುಖ್ಯ ವಿಚಾರವು ಹುಟ್ಟಿತು. ಪ್ರತಿಯೊಂದು ಬೆಳೆಗೂ ಒಂದು ತೌರುಮನೆಯುಂಟು. ಆ ನಾಡಿನಲ್ಲಿ ಅದರ ತಳಿಗಳು ಬಹು ವಿಧವಾಗಿ ಉಳಿದಿರುತ್ತವೆ. ಒಂದು ತಳಿ ಚಳಿಯನ್ನು ತಾಳುವದು, ಇನ್ನೊಂದು ಬರವನ್ನು ತಾಳುವದು, ಮತ್ತೊಂದು ರೋಗಕ್ಕೆ ಬಗ್ಗದು, ಬೇರೊಂದು ಬೇಗನೆ ಮಾಗುವದು. ಆ ತಳಿಗಳನ್ನು ತಂದು, ಅವುಗಳ ಪರಾಗವನ್ನು ನಮ್ಮ ಊರಿನ ತಳಿಗಳೊಡನೆ ಕೂಡಿಸಿ, ಹುಟ್ಟಿದ ಸಂತತಿಯಲ್ಲಿ ಒಳ್ಳೆಯದನ್ನು ಆರಿಸುತ್ತಾ ಹೋದರೆ, ಕಠಿನವಾದ ಹವೆಗೂ ತಕ್ಕ ಬೆಳೆಯನ್ನು ಪಡೆಯಬಹುದು. ಈ ತೌರುಮನೆಗಳ ವಿಷಯವಾಗಿ ಆತನು 1926ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಅವುಗಳಲ್ಲಿ ನಮ್ಮ ಭಾರತವನ್ನೂ ಒಂದಾಗಿ ಎಣಿಸಿ, ಭತ್ತ, ಬದನೆ, ಮಾವು ಮೊದಲಾದವುಗಳನ್ನು ಇಲ್ಲಿಯವುಗಳೆಂದು ಬರೆದನು. ನಾವು ದಿನವೂ ಉಣ್ಣುವ ರಾಗಿಯ ತೌರಾದರೋ ಆಫ್ರಿಕ ಖಂಡದ ಮೂಡಲ ಭಾಗದ ಎತ್ತರದ ನಾಡು.

1921ರಲ್ಲಿ ವೋಲ್ಗಾ ಸೀಮೆಯಲ್ಲಿ ಮತ್ತೆ ಮಹಾ ಕ್ಷಾಮವು ಬಂತು. ಆ ವರುಷವೇ ಆತನು, ಮುಂದೆ ಲೆನಿನ್‌ಗ್ರಾಡ್ ಎಂದು ಕರೆಯಲ್ಪಟ್ಟು ಈಗ ಸೇಂಟ್ ಪೀಟರ್ಸ್‌ಬರ್ಗ್ ಎನಿಸಿರುವ ಪಟ್ಟಣದಲ್ಲಿ ಸಸ್ಯಶಾಸ್ತ್ರದ ಸಂಸ್ಥೆಗೆ ಅಧ್ಯಕ್ಷನಾದನು. ಆ ಬಳಿಕ 1924ರಲ್ಲಿ ಆಫಘಾನಿಸ್ಥಾನ, 1926 ಮತ್ತು 1927ರಲ್ಲಿ ಮೆಡಿಟರೇನಿಯನ್ ಸಮುದ್ರತೀರದ ದೇಶಗಳು ಹಾಗೂ ಅಬಿಸೀನಿಯ, 1929ರಲ್ಲಿ ಪಶ್ಚಿಮ ಚೀನ ಮತ್ತು ಜಪಾನ್, 1930ರಲ್ಲಿ ಮೆಕ್ಸಿಕೊ, 1932ರಲ್ಲಿ ದಕ್ಷಿಣ ಅಮೇರಿಕ, ಹೀಗೆ ಕುದುರೆಯ ಮೇಲೆಯೂ ಕಾಲುನಡೆಯಾಗಿಯೂ ಸಂಚರಿಸಿ, ಸಂತೆಗಳಲ್ಲಿಯೂ ಒಕ್ಕಲಿಗರ ಕಣಗಳಲ್ಲಿಯೂ ಬೀಜಗಳನ್ನು ಕೇಳಿ ಪಡೆದುಕೊಂಡನು. 1940ರ ಹೊತ್ತಿಗೆ ಆ ಸಂಸ್ಥೆಯಲ್ಲಿ ಎರಡು ಲಕ್ಷಕ್ಕಿಂತ ಹೆಚ್ಚು ಮಾದರಿಗಳು ಕೂಡಿದ್ದವು. ಅದೇ ಬೀಜವನ್ನು ರುಷ್ಯದ ನೂರಕ್ಕೂ ಹೆಚ್ಚು ಸ್ಥಳಗಳಲ್ಲಿ ಬಿತ್ತಿಸಿ, ಯಾವ ಹವೆಯಲ್ಲಿ ಯಾವದು ನಿಲ್ಲುವದೆಂದು ನೋಡಿದರು. ಬೇಸಗೆಯು ಕೆಲವೇ ವಾರಗಳಿರುವ ಉತ್ತರದ ಖಿಬಿನಿ ಸೀಮೆಯಲ್ಲಿಯೂ ಆಲೂಗಡ್ಡೆಯನ್ನು ಬೆಳೆದರು.

ಆದರೆ ಇಂಥ ಕೆಲಸಕ್ಕೆ ಕಾಲವು ಬೇಕು. ಒಂದು ಒಳ್ಳೆಯ ತಳಿ ಸಿದ್ಧವಾಗುವದಕ್ಕೆ ಹತ್ತು ವರುಷಗಳಾದರೂ ಹಿಡಿಯುವವು. ಅಧಿಕಾರಿಗಳಿಗೆ ತಾಳ್ಮೆಯಿರಲಿಲ್ಲ, ಯಾಕಂದರೆ ಒಕ್ಕಲಿಗರ ಭೂಮಿಯನ್ನು ಬಲಾತ್ಕಾರದಿಂದ ಒಂದುಗೂಡಿಸಿದ್ದರಿಂದ 1932 ಮತ್ತು 1933ರಲ್ಲಿ ದೇಶವು ಪುನಃ ಹಸಿವಿನಲ್ಲಿ ಬಿದ್ದಿತ್ತು. ಆಗ ಲೈಸೆಂಕೊ ಎಂಬವನು ಎದ್ದು, ಬೀಜವನ್ನು ನೆನೆಸಿ ಚಳಿಯಲ್ಲಿಟ್ಟರೆ ಅದರ ಸ್ವಭಾವವೇ ಬದಲಾಗಿ ಸಂತತಿಗೂ ಇಳಿಯುವದೆಂದೂ, ಎರಡು ಮೂರು ವರುಷಗಳಲ್ಲಿ ಹೊಸ ತಳಿಗಳನ್ನು ಕೊಡುವೆನೆಂದೂ ಮಾತುಕೊಟ್ಟನು. ಪ್ರಭುವಾದ ಸ್ಟಾಲಿನನು ಆ ಮಾತಿಗೆ ಮೆಚ್ಚಿದನು. ವಾವಿಲೋವನು ಮೊದಮೊದಲು ಲೈಸೆಂಕೊವಿಗೆ ಸಹಾಯವನ್ನೂ ಮಾಡಿದ್ದನು. ಆದರೆ ಸುಳ್ಳು ಸುಳ್ಳೆಂದು ಸ್ಪಷ್ಟವಾದ ಮೇಲೆ ಅದನ್ನು ಒಪ್ಪಲೊಲ್ಲದೆ ಸಭೆಗಳಲ್ಲಿ ಎದುರಾಗಿ ನಿಂತನು. ಅರಸನಾದ ಅಹಾಬನಿಗೆ ನಾನೂರು ಮಂದಿ ಪ್ರವಾದಿಗಳು ಇಷ್ಟವಾದದ್ದನ್ನೇ ಹೇಳಿದಾಗ, ಮೀಕಾಯೆಹು ಒಬ್ಬನೇ ನಿಜವನ್ನು ಹೇಳಿ ಸೆರೆಮನೆಗೆ ಹೋದ ಸಂಗತಿಯು ವಾಚಕರಿಗೆ ನೆನಪಿರಬಹುದು.

1940ನೆಯ ಇಸವಿ ಆಗಸ್ಟ್ 6ರಲ್ಲಿ, ಯುಕ್ರೇನ್ ಸೀಮೆಯಲ್ಲಿ ಗಿಡಗಳನ್ನು ಹುಡುಕುತ್ತಿದ್ದಾಗಲೇ, ಆತನನ್ನು ಹಿಡಿದರು. ಪರದೇಶಗಳ ಗೂಢಚಾರನೆಂದೂ, ವ್ಯವಸಾಯವನ್ನು ಕೆಡಿಸಿದವನೆಂದೂ ದೋಷಹೊರಿಸಿ, 1941ರಲ್ಲಿ ಮರಣದಂಡನೆಯನ್ನು ವಿಧಿಸಿದರು. ಮರುವರುಷ ಅದನ್ನು 20 ವರುಷಗಳ ಸೆರೆಯಾಗಿ ಬದಲಿಸಿದರು. ಆತನಿದ್ದದ್ದು ಸರಾಟೋವ್ ಪಟ್ಟಣದ ಸೆರೆಮನೆ. ಅದೇ ಪಟ್ಟಣದಲ್ಲಿ ಆತನು ಯೌವನದಲ್ಲಿ ಉಪಾಧ್ಯಾಯನಾಗಿದ್ದನು. ಆತನ ಹೆಂಡತಿಯೂ ಆಗ ಅದೇ ಪಟ್ಟಣದಲ್ಲಿ ಬಡತನದಿಂದ ವಾಸವಾಗಿದ್ದಳು. ಗಂಡನು ದೂರದ ಮಾಸ್ಕೋವಿನಲ್ಲಿದ್ದಾನೆಂದು ನಂಬಿ, ಆಹಾರದ ಗಂಟುಗಳನ್ನು ಅಲ್ಲಿಗೆ ಕಳುಹಿಸುತ್ತಿದ್ದಳು. ಸೆರೆಯಲ್ಲಿಯೂ ಆತನು ಸಂಗಡಿಗರಿಗೆ ಪಾಠ ಹೇಳಿ ಅವರ ಧೈರ್ಯವನ್ನು ಎತ್ತಿಹಿಡಿದನು. 1943ನೆಯ ಇಸವಿ ಜನವರಿ 26ರಲ್ಲಿ, 55 ವರುಷ ಪ್ರಾಯದವನಾಗಿ, ಹೊಟ್ಟೆಗಿಲ್ಲದೆ ಕ್ಷೀಣಿಸಿ ಸತ್ತನು.

ಅಷ್ಟರಲ್ಲಿ ಜರ್ಮನ್ ಸೈನ್ಯವು 1941ರ ಸೆಪ್ಟೆಂಬರಿನಿಂದ ಲೆನಿನ್‌ಗ್ರಾಡಿಗೆ ಮುತ್ತಿಗೆ ಹಾಕಿತ್ತು. ಆ ಚಳಿಗಾಲದಲ್ಲಿ ಕೆಲವು ವಾರಗಳ ತನಕ ಪಟ್ಟಣದ ಬಹುಮಂದಿಗೆ ದಿನಕ್ಕೆ 125 ಗ್ರಾಂ ರೊಟ್ಟಿ ಮಾತ್ರ ದೊರೆಯಿತು. ವಾವಿಲೋವನ ಜೊತೆಗೆಲಸದವರು ಬೀಜದ ಉಗ್ರಾಣವನ್ನು ಇಲಿಗಳಿಂದಲೂ ಕಳ್ಳರಿಂದಲೂ ಚಳಿಯಿಂದಲೂ ಕಾಯುತ್ತಿದ್ದರು. ಸುತ್ತಲೂ ಕಾಳಿನ ಚೀಲಗಳಿದ್ದರೂ ಅವರು ಒಂದು ಹಿಡಿಯನ್ನಾದರೂ ಬೇಯಿಸಿಕೊಳ್ಳಲಿಲ್ಲ. ಅಕ್ಕಿಯ ತಳಿಗಳನ್ನು ಕಾಯುತ್ತಿದ್ದ ಇವಾನೋವ್ ಎಂಬವನು ಆ ಚೀಲಗಳ ನಡುವೆ ಹಸಿವಿನಿಂದ ಸತ್ತನು. ಕಡಲೆಕಾಯಿಯ ತಳಿಗಳನ್ನು ನೋಡಿಕೊಳ್ಳುತ್ತಿದ್ದ ಶ್ಚೂಕಿನ್ ಎಂಬವನು ತನ್ನ ಮೇಜಿನ ಮುಂದೆಯೇ ಸತ್ತನು. ಇನ್ನೂ ಹಲವರು ಹಾಗೆಯೇ ತೀರಿಹೋದರು. ಮೂವರು ಶೂರರು ಪ್ರಾಣವನ್ನು ಲಕ್ಷಿಸದೆ ತಂದ ಬೇತ್ಲೆಹೇಮಿನ ಬಾವಿಯ ನೀರನ್ನು ದಾವೀದನು ಬಾಯಾರಿದ್ದರೂ ಕುಡಿಯಲೊಲ್ಲದೆ ಹೋದ ಹಾಗೆ, ಇವರು ಮುಂದಿನ ಸಂತತಿಗೆ ಸೇರಿದ ಆಹಾರವನ್ನು ತಮ್ಮದೆಂದು ಎಣಿಸಲಿಲ್ಲ. 1955ರಲ್ಲಿ ಅಲ್ಲಿಯ ನ್ಯಾಯಸ್ಥಾನವು ವಾವಿಲೋವನನ್ನು ನಿರಪರಾಧಿಯೆಂದು ಸಾರಿತು. ಈಗ ಆ ಸಂಸ್ಥೆಗೆ ಆತನ ಹೆಸರೇ ಇದೆ.

ವಾವಿಲೋವನ ಅಂತರಂಗದ ನಂಬಿಕೆಯನ್ನು ತೂಗುವದು ನಮ್ಮ ಕೆಲಸವಲ್ಲ. ಅದು ಹೃದಯಗಳನ್ನು ಬಲ್ಲಾತನದು. ಆದರೆ ಆತನ ಕೆಲಸದ ಫಲವು ನಮಗೂ ಪಾಠವಾಗಿದೆ. ಭೂಮಿಯ ಹವೆಯು ಈಗ ಬಿಸಿಯೇರುತ್ತಾ ಬಂದಿದೆ; ಮುಂಗಾರು ತಡವಾಗುವದನ್ನೂ, ಬಂದರೆ ಒಂದೇ ಸಾರಿ ಸುರಿಯುವದನ್ನೂ ನಾವೇ ನೋಡುತ್ತೇವೆ. ಇಂಥ ಕಾಲದಲ್ಲಿ ಬರವನ್ನೂ ಬಿಸಿಲನ್ನೂ ತಾಳುವ ಹಳೆಯ ತಳಿಗಳೇ ಹೊಸ ತಳಿಗಳಿಗೆ ಬೇರು. ನಮ್ಮ ಮಂಡ್ಯದ ವಿ. ಸಿ. ಫಾರ್ಮಿನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯನ್ನು ನಮ್ಮ ರಾಗಿಯೊಡನೆ ಕೂಡಿಸಿ ಇಂಡಾಫ್ ಎಂಬ ತಳಿಗಳನ್ನು ಮಾಡಿದರು. ಅದರಿಂದ ಒಕ್ಕಲು ಮಕ್ಕಳ ಕಣಗಳು ತುಂಬಿದವು. ತೌರುನಾಡಿನಲ್ಲಿ ಯಾರೋ ಬಡ ಹೆಂಗಸರು ತಲೆತಲಾಂತರದಿಂದ ಆ ಬೀಜವನ್ನು ಉಳಿಸದೆ ಹೋಗಿದ್ದರೆ ಇದು ಸಾಧ್ಯವಾಗುತ್ತಿತ್ತೇ?

ಆದದರಿಂದ ಪ್ರಿಯರೇ, ಅಂಗಡಿಯ ಹೊಸ ಬೀಜವನ್ನು ಬಿತ್ತಬಾರದೆಂದು ನಾವು ಹೇಳುವದಿಲ್ಲ. ಅದನ್ನು ಬಿತ್ತುವಾಗಲೂ, ಅಜ್ಜನ ಕಾಲದ ರಾಗಿ, ನವಣೆ, ಸಾವೆ, ಭತ್ತಗಳಿಗೆ ಹೊಲದ ಒಂದು ಮೂಲೆಯನ್ನು ಬಿಡಿರಿ. ಪ್ರತಿ ವರುಷವೂ ಅದನ್ನು ಬಿತ್ತಿ, ಒಳ್ಳೆಯ ತೆನೆಗಳನ್ನು ಆರಿಸಿ, ಚೆನ್ನಾಗಿ ಒಣಗಿಸಿ, ಬೂದಿಯನ್ನೂ ಬೇವಿನೆಲೆಯನ್ನೂ ಬೆರೆಸಿ ಗಡಿಗೆಯಲ್ಲಿ ತುಂಬಿಡಿರಿ. ಬೀಜ ಕಳಕೊಂಡ ನೆರೆಯವನು ಯಾವ ಜಾತಿಯವನಾದರೂ ಅವನಿಗೆ ಒಂದು ಸೇರು ಕೊಡಿರಿ. ಬಿತ್ತುವವನಿಗೆ ಬೀಜವನ್ನೂ ಉಣ್ಣುವವನಿಗೆ ಆಹಾರವನ್ನೂ ದಯಪಾಲಿಸುವ ದೇವರು, ಹೊಲದಲ್ಲಿಯೂ ಉಗ್ರಾಣದಲ್ಲಿಯೂ ನಮ್ಮನ್ನು ನಂಬಿಗಸ್ತರನ್ನಾಗಿ ಮಾಡಲಿ.