ಅಲ್ಬುಕರ್ಕ್ ಆಡಿದ ಆಟ, ನಮ್ಮ ಕಡಲು

ಹಾಸ್ಟೆಲ್‌ನಲ್ಲಿ ರಾತ್ರಿ ಎರಡು ಗಂಟೆವರೆಗೆ ಸ್ಟೆಲ್ಲಾರಿಸ್ ಆಡೋರಿಗೆ ಇದನ್ನ ಹೇಳಿಕೊಡಬೇಕಿಲ್ಲ. ಕಂಡ ಕಂಡ ಗ್ರಹಕ್ಕೆಲ್ಲ ಕಾಲೊನಿ ಹಡಗು ಕಳಿಸ್ತಾ ಹೋದರೆ ಖಜಾನೆ ಬರಿದಾಗುತ್ತೆ, ಗಡಿ ಕಾಯೋಕೆ ಹಡಗು ಉಳಿಯಲ್ಲ. ಎಲ್ಲರೂ ಹಾದುಹೋಗಲೇಬೇಕಾದ ಇಕ್ಕಟ್ಟಿನ ಜಾಗ ಹುಡುಕಿ ಅಲ್ಲಿ ಕೂತವನೇ ಕೊನೆಗೆ ಗೆಲ್ಲೋದು. ಈ ಥರದ ಆಟಗಳಿಗೆ ‘ಫೋರ್ ಎಕ್ಸ್’ ಅನ್ನೋ ಹೆಸರು ಬಿದ್ದದ್ದು 1993ರಲ್ಲಿ. ಅದಕ್ಕೂ 480 ವರ್ಷ ಮೊದಲೇ ಒಬ್ಬ ಇದೇ ಲೆಕ್ಕ ಹಾಕಿ, ಹೊನ್ನಾವರ, ಭಟ್ಕಳ, ತದಡಿಗಳ ಎದುರಿನ ಕಡಲಲ್ಲಿ ನಿಜವಾದ ಹಡಗು ಓಡಿಸಿದ್ದ.

ಅಫೊನ್ಸೊ ದ ಅಲ್ಬುಕರ್ಕ್ ಹುಟ್ಟಿದ್ದು 1453ರ ಸುಮಾರಿಗೆ, ಲಿಸ್ಬನ್ ಹತ್ತಿರ. ಅರಮನೆಯ ನಂಟಿದ್ದ ಮನೆತನ. ಯೌವನದ ಬಹುಪಾಲು ಮೊರೊಕ್ಕೊದ ಕಾಳಗಗಳಲ್ಲಿ ಕಳೆಯಿತು. ಭಾರತಕ್ಕೆ ಮೊದಲು ಬಂದಿದ್ದು 1503ರಲ್ಲಿ, ಐವತ್ತರ ಆಸುಪಾಸಿನ ವಯಸ್ಸಿನಲ್ಲಿ. ಕೊಚ್ಚಿಯಲ್ಲಿ ಮರದ ಕೋಟೆ ಎಬ್ಬಿಸಿ ವಾಪಸ್ ಹೋದ.

1506ರಲ್ಲಿ ಮತ್ತೆ ಹೊರಟ. 1507ರಲ್ಲಿ ಕೆಂಪು ಸಮುದ್ರದ ಬಾಗಿಲು ಕಾಯೋದಕ್ಕೆ ಅಂತ ಸೊಕೊತ್ರಾ ದ್ವೀಪ ಹಿಡಿದದ್ದಾಯಿತು. ನಕ್ಷೆಯಲ್ಲಿ ಭಾರೀ ಜಾಗ, ಆದರೆ ಅಲ್ಲಿ ಊಟಕ್ಕೇ ತತ್ವಾರ. 1511ರಲ್ಲಿ ಅದನ್ನು ಬಿಟ್ಟೇ ಬಿಟ್ಟರು. ಅದೇ 1507ರಲ್ಲಿ ಹೊರ್ಮುಜ್‌ಗೆ ಹೋಗಿ ಕೋಟೆ ಶುರು ಮಾಡಿದಾಗ ಅವನ ಕಪ್ತಾನರೇ ತಿರುಗಿಬಿದ್ದರು. ಅವರಿಗೆ ಬೇಕಿದ್ದದ್ದು ಹಡಗು ದೋಚುವ ಕೆಲಸ, ಕಲ್ಲು ಹೊರುವ ಕೆಲಸವಲ್ಲ. ಕೋಟೆ ಅರ್ಧಕ್ಕೇ ನಿಂತಿತು.

ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನದಲ್ಲಿ ನಾವೆಲ್ಲ ಓದಿದ ‘ನೀಲಿ ನೀರಿನ ನೀತಿ’ ನೆನಪಿದೆಯಾ? ಅದು ಅಲ್ಮೇಡನದು. ನೌಕಾಪಡೆ ಗಟ್ಟಿಯಿದ್ದರೆ ಸಾಕು, ನೆಲದ ಮೇಲೆ ಹೆಚ್ಚು ಕೋಟೆ ಬೇಡ ಅನ್ನೋ ವಾದ. 1505ರಲ್ಲಿ ಅವನು ಹೊನ್ನಾವರದ ಅಳಿವೆಗೆ ನುಗ್ಗಿ ಹಡಗು ಸುಟ್ಟಿದ್ದ. ಕಾರವಾರದ ಎದುರಿನ ಅಂಜದೀವದಲ್ಲಿ ಕಟ್ಟಿಸಿದ ಕೋಟೆಯನ್ನು ಮರುವರ್ಷವೇ ಕೆಡವಬೇಕಾಯಿತು. 1508ರ ಕೊನೆಗೆ ಅಲ್ಬುಕರ್ಕ್ ಅಧಿಕಾರ ವಹಿಸಿಕೊಳ್ಳಲು ಬಂದರೆ ಅಲ್ಮೇಡ ಬಿಟ್ಟುಕೊಡಲಿಲ್ಲ, ಅವನನ್ನೇ ಕಣ್ಣೂರಿನಲ್ಲಿ ಕೂಡಿಹಾಕಿದ. 1509ರ ನವೆಂಬರ್‌ನಲ್ಲಷ್ಟೇ ಕುರ್ಚಿ ಸಿಕ್ಕಿತು.

ಕೈಯಲ್ಲಿದ್ದ ಸಂಪನ್ಮೂಲ ಎಷ್ಟು ಗೊತ್ತಾ? ಆಗಿನ ಇಡೀ ಪೋರ್ಚುಗಲ್‌ನ ಜನಸಂಖ್ಯೆ ಹೆಚ್ಚುಕಮ್ಮಿ ಇವತ್ತಿನ ಉತ್ತರ ಕನ್ನಡ ಜಿಲ್ಲೆಯಷ್ಟು. ಲಿಸ್ಬನ್‌ನಿಂದ ಹಡಗು ಬರೋಕೆ ಆರು ತಿಂಗಳು ಬೇಕು. ಇಷ್ಟರಲ್ಲಿ ದೇಶ ಗೆಲ್ಲೋದು ಆಗದ ಮಾತು, ಬಾಗಿಲುಗಳನ್ನು ಹಿಡಿಯಬಹುದು ಅಷ್ಟೇ.

1510ರ ಫೆಬ್ರವರಿಯಲ್ಲಿ 23 ಹಡಗು, ಸುಮಾರು 1,200 ಪೋರ್ಚುಗೀಸರೊಂದಿಗೆ ಅವನು ಕೆಂಪು ಸಮುದ್ರಕ್ಕೆ ಹೊರಟಿದ್ದ. ಹೊನ್ನಾವರದ ಬಳಿ ತಿಮ್ಮೋಜ ಭೇಟಿಯಾದ. ಈ ಕಡಲಿನ ಒಂದೊಂದು ಅಳಿವೆಯನ್ನೂ ಬಲ್ಲ ನಾವಿಕ, ಕಡಲುಗಳ್ಳ ಅಂತಲೂ ಹೆಸರಿದ್ದವನು. ಕೆಂಪು ಸಮುದ್ರ ಆಮೇಲೆ ನೋಡೋಣ, ಗೋವೆ ಈಗ ಸಡಿಲವಾಗಿದೆ ಅಂತ ಸುದ್ದಿ ಕೊಟ್ಟವನು ಅವನೇ. ಬಿಜಾಪುರದ ಕೈಯಲ್ಲಿದ್ದ ಆ ಊರು ಹೆಚ್ಚು ಹೊಡೆದಾಟವಿಲ್ಲದೆ ಶರಣಾಯಿತು.

ಮೇ ತಿಂಗಳಲ್ಲಿ ಆದಿಲ್‌ಶಾಹಿ ಸೈನ್ಯ ದೊಡ್ಡದಾಗಿ ತಿರುಗಿಬಂತು. ಪೋರ್ಚುಗೀಸರು ಊರು ಬಿಟ್ಟು ಹಡಗು ಹತ್ತಿದರೂ ಹೊರಗೆ ಹೋಗೋಕಾಗಲಿಲ್ಲ. ಜೂನ್ ಬಂದಾಗ ತದಡಿಯ ದೋಣಿಗಳು ಯಾಕೆ ದಡದಲ್ಲೇ ಇರ್ತವೆ ಅಂತ ಆ ಕಡೆಯವರನ್ನು ಕೇಳಿ. ಅಳಿವೆಯ ಮರಳದಿಬ್ಬದ ಮೇಲೆ ಮಳೆಗಾಲದ ಅಲೆ ಒಡೆಯುವಾಗ ದಾಟುವಂತಿಲ್ಲ. ಮಾಂಡೋವಿಯ ಬಾಯಲ್ಲೂ ಅದೇ ಕಥೆ. ಎರಡೂವರೆ ತಿಂಗಳು, ಎರಡೂ ದಡದಿಂದ ಗುಂಡು ಬೀಳುತ್ತಿದ್ದಾಗ, ಅವರು ನದಿಯಲ್ಲೇ ಸಿಕ್ಕಿಬಿದ್ದು ಇಲಿ ತಿಂದು ಬದುಕಿದರು.

ಮಳೆ ನಿಂತಮೇಲೆ ಹೊಸ ಹಡಗು ಕೂಡಿಸಿಕೊಂಡು, ತಿಮ್ಮೋಜನ ಕಡೆಯವರನ್ನೂ ಸೇರಿಸಿಕೊಂಡು, 1510ರ ನವೆಂಬರ್ 25ರಂದು ಅಲ್ಬುಕರ್ಕ್ ಗೋವೆಯನ್ನು ಮತ್ತೆ ಗೆದ್ದ. ಆಮೇಲಿನ ದಿನಗಳಲ್ಲಿ ಅವನ ಆಜ್ಞೆಯಂತೆ ಊರಿನ ಮುಸ್ಲಿಮರನ್ನು ಗಂಡಸರು, ಹೆಂಗಸರು, ಮಕ್ಕಳು ಅನ್ನದೆ ಸಾವಿರಾರು ಸಂಖ್ಯೆಯಲ್ಲಿ ಕೊಂದರು. ನಾಲ್ಕನೇ ಎಕ್ಸ್ ಅಂದರೆ ಎಕ್ಸ್‌ಟರ್ಮಿನೇಟ್. ಆಟದಲ್ಲಿ ಅದು ಒಂದು ಬಟನ್.

ಊರು ಉಳಿಸಿಕೊಳ್ಳೋದು ಬೇರೆಯದೇ ಕೆಲಸ. ತನ್ನ ಸೈನಿಕರಿಗೆ ಅಲ್ಲಿನ ಹೆಂಗಸರ ಜೊತೆ ಮದುವೆ ಮಾಡಿಸಿ, ಜಮೀನು ಕೊಟ್ಟು ನೆಲೆಗೊಳಿಸಿದ. ಟಂಕಸಾಲೆ ತೆರೆದ. ಹಿಂದೂ ರೈತರ ಕಂದಾಯ ಇಳಿಸಿದ. ಅರಬ್ಬೀ, ಪರ್ಷಿಯದ ಕುದುರೆಗಳು ಗೋವೆಯಲ್ಲೇ ಇಳಿಯಬೇಕು ಅಂದ. ವಿಜಯನಗರಕ್ಕೂ ಬಿಜಾಪುರಕ್ಕೂ ಕುದುರೆ ಬೇಕೇ ಬೇಕಿತ್ತಲ್ಲ, ಇಬ್ಬರೂ ಅವನ ಹತ್ತಿರವೇ ಬರಬೇಕಾಯಿತು. ವಿಜಯನಗರಕ್ಕೆ ಕುದುರೆ ತರಿಸಿಕೊಡುತ್ತಿದ್ದ ಭಟ್ಕಳಕ್ಕೆ ಅಲ್ಲಿಂದ ಪೆಟ್ಟು ಬಿತ್ತು. ಗೋವೆ ತನ್ನ ಕೈಗೇ ಬರುತ್ತೆ ಅಂತ ಕಾದಿದ್ದ ತಿಮ್ಮೋಜನಿಗೆ ಸಿಕ್ಕಿದ್ದು ಅಧಿಕಾರಿಯ ಕೆಲಸ. ಊರಿನ ಒಡೆತನ ಸಿಗಲಿಲ್ಲ.

1511ರಲ್ಲಿ ಮಲಕ್ಕಾ. 1513ರಲ್ಲಿ ಏಡನ್ ಕೋಟೆಗೆ ಏಣಿ ಹಾಕಿದರೆ ಸೈನಿಕರ ಭಾರಕ್ಕೆ ಏಣಿಗಳೇ ಮುರಿದವು, ಆ ಬಾಗಿಲು ಕೊನೆಗೂ ಸಿಗಲಿಲ್ಲ. 1515ರಲ್ಲಿ ಹೊರ್ಮುಜ್‌ಗೆ ಮರಳಿ ಅರ್ಧಕ್ಕೆ ನಿಂತಿದ್ದ ಕೋಟೆ ಮುಗಿಸಿದ. ಬರುವ ದಾರಿಯಲ್ಲಿ, ಕಾಯಿಲೆ ಬಿದ್ದಿದ್ದಾಗ, ತನ್ನ ಜಾಗಕ್ಕೆ ವಿರೋಧಿ ಬಣದವನನ್ನೇ ರಾಜ ನೇಮಿಸಿದ ಸುದ್ದಿ ಎದುರಾದ ಹಡಗಿನಿಂದ ಸಿಕ್ಕಿತು. 1515ರ ಡಿಸೆಂಬರ್ 16ರಂದು, ಗೋವೆ ಕಣ್ಣಿಗೆ ಬೀಳುವಷ್ಟು ಹತ್ತಿರದಲ್ಲಿ, ಹಡಗಿನಲ್ಲೇ ತೀರಿಕೊಂಡ.

ಲೆಕ್ಕ ನೋಡಿದರೆ ಅವನ ಪ್ಲಾನ್ ಗೆದ್ದಿತು. ಹೊರ್ಮುಜ್ 1622ರವರೆಗೆ, ಮಲಕ್ಕಾ 1641ರವರೆಗೆ, ಗೋವೆ 1961ರವರೆಗೆ, ಅಂದರೆ 451 ವರ್ಷ, ಅವರ ಕೈಯಲ್ಲೇ ಇದ್ದವು.

ಈಗ ತದಡಿಗೆ ಬನ್ನಿ. ಶಿರಸಿ ಕಡೆಯ ಕಾಳುಮೆಣಸು ಘಟ್ಟ ಇಳಿದು ಮಿರ್ಜಾನಿಗೆ ಬಂದು, ಅಘನಾಶಿನಿಯ ಇದೇ ಅಳಿವೆಯಿಂದ ಕಡಲು ಸೇರುತ್ತಿತ್ತು. ಅಲ್ಬುಕರ್ಕ್ ಇಲ್ಲಿ ಕೋಟೆ ಕಟ್ಟಲಿಲ್ಲ. ಆಟದ ನಕ್ಷೆಯಲ್ಲಾದರೆ ಈ ಜಾಗಕ್ಕೆ ಅವನ ಬಣ್ಣವೇ ಬೀಳುತ್ತಿರಲಿಲ್ಲ. ಆದರೂ ಈ ಕರಾವಳಿಯಿಂದ ದೂರಕ್ಕೆ ಹೊರಡುವ ವ್ಯಾಪಾರದ ಹಡಗು ‘ಕರ್ತಾಜ್’ ಅನ್ನೋ ಪೋರ್ಚುಗೀಸ್ ಪರವಾನಗಿ ಪತ್ರ ಇಟ್ಟುಕೊಳ್ಳಬೇಕಿತ್ತು. ಪತ್ರವಿಲ್ಲದೆ ಸಿಕ್ಕಿಬಿದ್ದರೆ ಸರಕೂ ಹೋಯಿತು, ಹಡಗೂ ಹೋಯಿತು. ತಲೆತಲಾಂತರದಿಂದ ಯಾರನ್ನೂ ಕೇಳದೆ ಇಳಿಯುತ್ತಿದ್ದ ಕಡಲಿಗೆ ಈಗ ಗೇಟ್ ಪಾಸ್.

ಮುಂದಿನ ಸಲ ಆಟದಲ್ಲಿ ಇಕ್ಕಟ್ಟಿನ ಜಾಗ ಹಿಡಿದು ಕೂತಾಗ, ಅದರ ಆಚೆ ಬೂದು ಬಣ್ಣದಲ್ಲಿ ಉಳಿದಿರುವ ಚಿಕ್ಕ ಗ್ರಹವನ್ನೂ ಒಮ್ಮೆ ನೋಡಿ. ನಮ್ಮ ತದಡಿ ಇದ್ದದ್ದು ಅಲ್ಲಿ.